ಕ್ರೇನ್ ಕೆಲಸಕ್ಕೆ ಹೊರಟ ಹುಡುಗರು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದು ವಾರ ಕಳೆಯುವುದರೊಳಗೆ ದಾವಣಗೆರೆಯ ಬಸ್ ನಿಲ್ದಾಣದ ಸುತ್ತಣ ಗೋಡೆಗಳಿಗೆ ಹೊಸ ಕಾಗದಗಳು ಅಂಟಿಕೊಳ್ಳುತ್ತವೆ. ಜೆ.ಸಿ.ಬಿ., ಹೈಡ್ರಾ, ಟವರ್ ಕ್ರೇನ್ ತರಬೇತಿ; ಕೆಲವೇ ದಿನಗಳಲ್ಲಿ ಸರ್ಟಿಫಿಕೇಟು; ಕೆಲಸ ಖಚಿತ; ದುಬೈಗೂ ಅವಕಾಶ. ಕೆಳಗೊಂದು ಫೋನ್ ನಂಬರು. ಸಂಸ್ಥೆ ಯಾವ ಊರಿನದು, ಕಲಿಸುವವರು ಯಾರು, ಅವರ ಹತ್ತಿರ ಕ್ರೇನು ಇದೆಯೋ ಇಲ್ಲವೋ ಎಂಬ ಮಾತು ಆ ಕಾಗದದಲ್ಲಿ ಇರುವುದಿಲ್ಲ. ಆದರೂ ಮನೆಗಳಲ್ಲಿ ಅದರ ಚರ್ಚೆ ನಡೆಯುತ್ತದೆ. ತಾಯಿಯ ಓಲೆ ಗಿರವಿ ಅಂಗಡಿ ಸೇರುತ್ತದೆ. ಹುಡುಗ ಬೆಂಗಳೂರಿನ ರೈಲು ಹತ್ತುತ್ತಾನೆ.

ಮಗನನ್ನು ಕ್ರೇನ್ ಕೆಲಸಕ್ಕೆ ಕಳಿಸಬಹುದೇ ಎಂದು ನಮ್ಮನ್ನು ಕೇಳುವ ತಂದೆತಾಯಿಗಳಿಗೆ ನಾವು ಕೊಡುವ ಉತ್ತರ, ಕಳಿಸಬಹುದು ಎಂದೇ. ಇದು ಗೌರವದ ಕಸುಬು. ಕೈಯೂ ಕಣ್ಣೂ ಲೆಕ್ಕವೂ ಕೂಡಿ ದುಡಿಯುವ ಕಸುಬು. ಆದರೆ ಆ ಗೋಡೆಯ ಕಾಗದ ಮಾರುತ್ತಿರುವುದು ಈ ಕಸುಬನ್ನಲ್ಲ. ಸನ್ನೆಗೋಲುಗಳನ್ನು ಮುಂದೆ ಹಿಂದೆ ಆಡಿಸುವುದನ್ನು ಚುರುಕಾದ ಹುಡುಗ ನಾಲ್ಕು ದಿನದಲ್ಲಿ ಕಲಿಯುತ್ತಾನೆ. ಕಲಿಯಲು ವರ್ಷಗಳು ಹಿಡಿಯುವುದು ಬೇರೊಂದನ್ನು: ಯಾವ ಹೊರೆಯನ್ನು ಎತ್ತಬಾರದು ಎಂದು ತಿಳಿಯುವುದನ್ನು, ತಿಳಿದ ಮೇಲೆ “ಎತ್ತುವುದಿಲ್ಲ” ಎಂದು ಬಾಯಿಬಿಟ್ಟು ಹೇಳುವುದನ್ನು. ಇದನ್ನು ಯಾವ ಸರ್ಟಿಫಿಕೇಟಿನ ಅಂಗಡಿಯೂ ಕಲಿಸುವುದಿಲ್ಲ; ಹೇಳಿದವನ ಬೆನ್ನಿಗೆ ನಿಲ್ಲುವ ಏರ್ಪಾಡೂ ನಮ್ಮ ನಾಡಿನಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಈ ವಾರ ಬರೆಯಬೇಕೆನ್ನಿಸಿದ್ದು ಇದನ್ನೇ.

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ನಮ್ಮದು. ಬಟ್ಟೆ ಮಿಲ್ಲುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದ ಮೇಲೆ, ಅಪ್ಪನ ಪಾಳಿ ಮಗನಿಗೆ ಬರುವ ಕಾಲ ಮುಗಿಯಿತು. ಅತ್ತ ಬೆಂಗಳೂರಿನಲ್ಲಿ 2007ರಲ್ಲಿ ಮೆಟ್ರೋ ಕಾಮಗಾರಿ ಶುರುವಾಯಿತು. ಅದರೊಡನೆ, ಅದಕ್ಕೆ ಮುಂಚೆಯೂ ಅನಂತರವೂ, ಇಪ್ಪತ್ತು ಮೂವತ್ತು ಅಂತಸ್ತುಗಳ ಮನೆಗಳು ಏಳತೊಡಗಿದವು. ನಗರದ ಹೊರವಲಯದಲ್ಲಿ ನಿಂತು ತಲೆಯೆತ್ತಿದರೆ ಹಳದಿ ಬಣ್ಣದ ಉದ್ದನೆಯ ತೋಳುಗಳು ಆಕಾಶದಲ್ಲಿ ತಿರುಗುತ್ತಿರುತ್ತವೆ. ಒಂದೊಂದು ತೋಳಿನ ಬುಡದಲ್ಲೂ ಒಂದು ಗಾಜಿನ ಗೂಡು. ಗೂಡಿನೊಳಗೆ ಒಬ್ಬ ಮನುಷ್ಯ. ಆತ ಬಿಹಾರದವನೋ ಜಾರ್ಖಂಡಿನವನೋ ಆಗಿರಬಹುದು, ಹರಿಹರದವನೂ ಜಗಳೂರಿನವನೂ ಆಗಿರಬಹುದು. ಕೆಳಗೆ ಗಾರೆ ಕೆಲಸದವರು, ಸರಳು ಕಟ್ಟುವವರು, ಸೆಂಟ್ರಿಂಗಿನವರು ಎಲ್ಲರೂ ಅವನ ಕೈ ನೋಡಿಕೊಂಡೇ ಕೆಲಸ ಮಾಡಬೇಕು. ಕ್ರೇನು ಒಂದು ಗಂಟೆ ನಿಂತರೆ ಕಟ್ಟಡವೆಲ್ಲ ನಿಲ್ಲುತ್ತದೆ.

ಈ ಯಂತ್ರ ತೀರ ಹೊಸದೇನೂ ಅಲ್ಲ. ಬಾವಿಯ ಮೇಲೆ ನಮ್ಮ ಹಿರಿಯರು ನಡೆಸಿದ ಏತ ಇದರ ಅಜ್ಜ. ಉದ್ದನೆಯ ಮರದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲು. ಕಲ್ಲಿನ ಭಾರ ನೀರಿನ ಭಾರವನ್ನು ಹಗುರ ಮಾಡುತ್ತಿತ್ತು. ಟವರ್ ಕ್ರೇನಿನಲ್ಲೂ ಮುಂದಿನ ತೋಳಿಗೆ ಹೊರೆ, ಹಿಂದಿನ ಗಿಡ್ಡ ತೋಳಿಗೆ ಕಾಂಕ್ರೀಟಿನ ತೂಕದ ಗಟ್ಟಿಗಳು. ಇಂದು ನಾವು ಕಾಣುವ, ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಬಹುದಾದ ಟವರ್ ಕ್ರೇನನ್ನು 1949ರಲ್ಲಿ ಜರ್ಮನಿಯಲ್ಲಿ ಹನ್ಸ್ ಲೀಬ್‌ಹೆರ್ ಎಂಬ ಕಟ್ಟಡದ ಮೇಸ್ತ್ರಿ ರೂಪಿಸಿದ. ಯುದ್ಧದಲ್ಲಿ ಕುಸಿದುಬಿದ್ದ ಊರುಗಳನ್ನು ಮತ್ತೆ ಕಟ್ಟಬೇಕಾಗಿದ್ದ ಕಾಲ ಅದು.

ನಮ್ಮ ಓದುಗರಲ್ಲಿ ವ್ಯಾಪಾರಸ್ಥರು ಅನೇಕರಿದ್ದಾರೆ. ಕ್ರೇನಿನ ಲೆಕ್ಕ ಅವರಿಗೆ ಬೇಗ ತಿಳಿಯುತ್ತದೆ. ಒಂದೇ ಕೋಲಿನ ಮೇಲೆ ಗುಂಡನ್ನು ಸರಿಸುತ್ತ ಮೂಟೆ ತೂಗುವ ತಕ್ಕಡಿ ನೆನಪಿರಬೇಕು. ಗುಂಡು ಅದೇ ಆದರೂ ಕೋಲಿನ ತುದಿಗೆ ಸರಿದಷ್ಟೂ ಅದರ ಬಲ ಹೆಚ್ಚುತ್ತದೆ. ಕ್ರೇನಿನ ಹೊರೆಯೂ ಹಾಗೆಯೇ. ಕಂಬದಿಂದ 15 ಮೀಟರ್ ದೂರದಲ್ಲಿ 6 ಟನ್ ಎತ್ತಬಲ್ಲ ಯಂತ್ರ ಎಂದಿಟ್ಟುಕೊಳ್ಳಿ. ಹದಿನೈದಾರಲೆ ತೊಂಬತ್ತು. 30 ಮೀಟರ್ ದೂರಕ್ಕೆ ಅದೇ ತೊಂಬತ್ತನ್ನು ಹಂಚಿದರೆ 3 ಟನ್. 50 ಮೀಟರಿನ ತುದಿಯಲ್ಲಿ 1.8 ಟನ್. ತೋಳಿನ ಮೇಲೆ ಓಡುವ ಗಾಡಿಯೂ ಕೊಕ್ಕೆಯೂ ಹಗ್ಗವೂ ತಮ್ಮ ತೂಕವನ್ನು ಸೇರಿಸುವುದರಿಂದ ಕಂಪನಿಯ ಪಟ್ಟಿಯಲ್ಲಿ ಇದಕ್ಕಿಂತ ಕಡಿಮೆಯೇ ಬರೆದಿರುತ್ತದೆ. ಅಂದರೆ ಬುಡದಲ್ಲಿ ಆನೆ ಎತ್ತಿದ ಯಂತ್ರ ತುದಿಯಲ್ಲಿ ಎಮ್ಮೆಗಳನ್ನಷ್ಟೇ ಎತ್ತೀತು.

ಈಗ ಇದನ್ನು ಕೆಲಸದ ಜಾಗಕ್ಕೆ ತನ್ನಿ. ಒಂದು ಘನಮೀಟರ್ ಹಸಿ ಕಾಂಕ್ರೀಟು ಸುಮಾರು 2.4 ಟನ್ ತೂಗುತ್ತದೆ. ಅರ್ಧ ಘನಮೀಟರಿನ ಬಕೆಟ್ಟು ತುಂಬಿದರೆ 1.2 ಟನ್, ಜೊತೆಗೆ ಬಕೆಟ್ಟಿನ ಸ್ವಂತ ತೂಕ. ಹುಡುಗ ಬೆಳಗಿನಿಂದ ಇದನ್ನೇ ತುದಿಗೆ ಸಾಗಿಸುತ್ತಿದ್ದಾನೆ. ಮಧ್ಯಾಹ್ನ ಹಳೆಯ ಬಕೆಟ್ಟಿನ ಬಾಯಿ ಕೆಟ್ಟಿತೆಂದು ಮುಕ್ಕಾಲು ಘನಮೀಟರಿನದನ್ನು ತಂದು ಕಟ್ಟುತ್ತಾರೆ. ಕೆಳಗಿನಿಂದ ನೋಡಿದರೆ ಅದು ಹಿಂದಿನದಕ್ಕಿಂತ ಒಂದು ಗೇಣು ದೊಡ್ಡದು, ಅಷ್ಟೇ. ಕಾಂಕ್ರೀಟೇ 1.8 ಟನ್ ಆಯಿತು. ಬಕೆಟ್ಟಿನ ತೂಕ ಸೇರಿದರೆ ಕ್ರೇನಿನ ಶಕ್ತಿ ಮೀರಿತು. ಗೂಡಿನಲ್ಲಿ ಕೂತವನಿಗೆ ಈ ಗುಣಾಕಾರ ಬಾಯಲ್ಲಿರಬೇಕು. ಇಲ್ಲದಿದ್ದರೆ ಯಂತ್ರದ ಎಚ್ಚರಿಕೆಯ ಗಂಟೆಯೊಂದೇ ಗತಿ. ಆ ಗಂಟೆಯ ತಂತಿಯನ್ನು ಕಿತ್ತಿಡುವ, ಮಿತಿಯ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ ಬಾಯಿ ಮುಚ್ಚಿಸುವ ಮಹಾನುಭಾವರು ಕಾಮಗಾರಿಗಳಲ್ಲಿ ಇದ್ದೇ ಇರುತ್ತಾರೆ.

ಗಾಳಿಯದು ಇನ್ನೊಂದು ಪಾಠ. ಪ್ಲೈವುಡ್ಡಿನ ದೊಡ್ಡ ಹಲಗೆ ತೂಕದಲ್ಲಿ ಹಗುರ; ಆದರೆ ಎತ್ತರಕ್ಕೆ ಹೋದಾಗ ಗಾಳಿ ಹಿಡಿದು ಗಾಳಿಪಟದಂತೆ ಎಳೆಯುತ್ತದೆ. ಯಾವ ವೇಗದ ಗಾಳಿಗೆ ಕೆಲಸ ನಿಲ್ಲಿಸಬೇಕೆಂಬುದನ್ನು ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತಾರೆ; ಗಾಳಿ ಅಳೆಯುವ ಬಟ್ಟಲುಗಳು ಕ್ರೇನಿನ ನೆತ್ತಿಯಲ್ಲಿ ತಿರುಗುತ್ತಿರುತ್ತವೆ. ಪಾಳಿ ಮುಗಿಸಿ ಇಳಿಯುವಾಗ ತೋಳನ್ನು ಬಿಗಿದು ಕಟ್ಟಿ ಬರುವುದು ಕ್ಷೇಮವೆಂದು ಯಾರಿಗಾದರೂ ತೋರಬಹುದು. ನಿಜ ಅದಕ್ಕೆ ವಿರುದ್ಧ. ತಿರುಗುವ ಬ್ರೇಕನ್ನು ಬಿಟ್ಟು, ಗಾಳಿ ಬಂದತ್ತ ತೋಳು ತಾನೇ ತಿರುಗುವಂತೆ ಬಿಡಬೇಕು. ಬಿಗಿದಿಟ್ಟ ತೋಳು ರಾತ್ರಿಯ ಬಿರುಗಾಳಿಗೆ ಎದೆ ಕೊಟ್ಟು ನಿಂತರೆ ಕಂಬವೇ ಮುರಿದೀತು. ಇಂಥ ವಿಷಯಗಳು ಫೋನಿನಲ್ಲಿ ಚಿತ್ರ ನೋಡಿ ಬರುವಂಥವಲ್ಲ. ಬಲ್ಲವನ ಪಕ್ಕ ಕೂತು ಕಲಿಯಬೇಕು.

ಹಾಗಾದರೆ ಕಲಿಯುವ ದಾರಿ ಯಾವುದು? ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಹಿಡಿಯುವುದು ಹೈಡ್ರಾದ ದಾರಿ. ಹೊರೆಯನ್ನು ಮೂತಿಗೆ ನೇತುಹಾಕಿಕೊಂಡು ರಸ್ತೆಯಲ್ಲೇ ಓಡಾಡುವ ಆ ಚಿಕ್ಕ ಕ್ರೇನು ಜಿಲ್ಲೆಯ ಎಲ್ಲ ಊರುಗಳಲ್ಲೂ ಬಾಡಿಗೆಗೆ ಸಿಗುತ್ತದೆ. ಮೊದಲು ಹೆಲ್ಪರ್, ಸ್ಲಿಂಗು ಕಟ್ಟುವುದು, ಗ್ರೀಸು ಹಾಕುವುದು, ಆಪರೇಟರಿಗೆ ಚಹ ತರುವುದು. ಊಟದ ಹೊತ್ತಿನಲ್ಲಿ ಆತ ದೊಡ್ಡ ಮನಸ್ಸು ಮಾಡಿದರೆ ಸೀಟಿನ ಮೇಲೆ ಕೂರುವ ಭಾಗ್ಯ. ಹೀಗೆ ಕಲಿತವರಲ್ಲಿ ಬಹಳ ಒಳ್ಳೆಯ ಕೆಲಸಗಾರರು ಇದ್ದಾರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆಲ್ಪರಿನ ಆ ವರ್ಷಗಳಿಗೆ ಸಂಬಳದ ಚೀಟಿ ಇಲ್ಲ, ಕಲಿತದ್ದಕ್ಕೆ ಸಾಕ್ಷಿ ಇಲ್ಲ, ಕಲಿಸಿದವನಿಗೂ ಯಾರೂ ಕಲಿಸಿರುವುದಿಲ್ಲ. ತಪ್ಪು ಅಭ್ಯಾಸವೂ ಒಳ್ಳೆಯ ಅಭ್ಯಾಸದಷ್ಟೇ ನಿಷ್ಠೆಯಿಂದ ಗುರುವಿನಿಂದ ಶಿಷ್ಯನಿಗೆ ಇಳಿಯುತ್ತದೆ. ಹೈಡ್ರಾದ ಇನ್ನೊಂದು ತೊಡಕೆಂದರೆ, ಎದುರು ನೇತಾಡುವ ಹೊರೆಯೇ ಚಾಲಕನ ಕಣ್ಣಿಗೆ ಅಡ್ಡ. ಹೊರೆಯನ್ನು ಹಿಡಿದು ಮುಂದೆ ನಡೆಯುವ ಹೆಲ್ಪರ್ ಎಡವಿ ಬಿದ್ದರೆ ಮೇಲಿನವನಿಗೆ ಕಾಣುವುದಿಲ್ಲ. ಈ ಕಾರಣಕ್ಕಾಗಿಯೇ ಹಳೆಯ ಮಾದರಿಯ ಹೈಡ್ರಾಗಳನ್ನು ಕೆಲವು ದೊಡ್ಡ ಕಾಮಗಾರಿಗಳಲ್ಲಿ ಒಳಗೆ ಬಿಡುವುದಿಲ್ಲ.

ರಸ್ತೆಗೆ ಇಳಿಯುವ ಕ್ರೇನಿಗೆ ಆರ್.ಟಿ.ಒ. ಕಚೇರಿಯ ಲೈಸೆನ್ಸು ಬೇಕು. ಟವರ್ ಕ್ರೇನು ನಿಂತಲ್ಲೇ ನಿಲ್ಲುವುದರಿಂದ ಅದು ಆರ್.ಟಿ.ಒ.ಗೆ ಸಂಬಂಧಿಸಿದ್ದಲ್ಲ. ಇಲ್ಲಿಯೇ ಸರ್ಟಿಫಿಕೇಟಿನ ಅಂಗಡಿಗಳಿಗೆ ಜಾಗ ಸಿಕ್ಕಿರುವುದು. ಸ್ಕೂಟರ್ ಓಡಿಸಲು ಸರಕಾರದ ಪರೀಕ್ಷೆ ಇರುವ ದೇಶದಲ್ಲಿ ಐವತ್ತು ಮೀಟರ್ ಎತ್ತರದಿಂದ ಜನರ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ಆಡಿಸಲು ಎಲ್ಲರಿಗೂ ಅನ್ವಯಿಸುವ ಅಂಥದೊಂದು ಪರೀಕ್ಷೆ ಇಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯ ಕೆಳಗೆ ಬಂದ 1998ರ ಕೇಂದ್ರ ನಿಯಮಗಳು, ಭಾರ ಎತ್ತುವ ಯಂತ್ರ ನಡೆಸುವವನಿಗೂ ಅವನಿಗೆ ಸನ್ನೆ ಕೊಡುವವನಿಗೂ 18 ವರ್ಷ ದಾಟಿರಬೇಕು, ಆತ ಸಮರ್ಥನೂ ನಂಬತಕ್ಕವನೂ ಆಗಿರಬೇಕು, ಕೆಲಸದ ಅಪಾಯಗಳನ್ನು ಅರಿತಿರಬೇಕು, ಕಾಲಕಾಲಕ್ಕೆ ವೈದ್ಯರ ತಪಾಸಣೆ ಆಗಬೇಕು ಎಂದು ವಿಧಿಸಿದ್ದವು. ಒಳ್ಳೆಯ ಮಾತುಗಳೇ. ಆದರೆ ಸಮರ್ಥನೆಂದು ನಿರ್ಣಯಿಸುವವರು ಯಾರು? ಕೆಲಸ ಬೇಗ ಮುಗಿಯಲೆಂದು ಕಾಯುತ್ತಿರುವ ಗುತ್ತಿಗೆದಾರನೇ. ಅಮೆರಿಕದಲ್ಲಿ 2018ರಿಂದ ಕಟ್ಟಡದ ಕ್ರೇನು ನಡೆಸುವವನು ಮಾನ್ಯತೆ ಪಡೆದ ಪರೀಕ್ಷೆ ಪಾಸಾಗಿರುವುದು ಕಡ್ಡಾಯವಾಯಿತು. ಅದರ ಮೇಲೆ ಮಾಲೀಕನೂ ಆತನನ್ನು ಆಯಾ ಯಂತ್ರದ ಮೇಲೆ ಕೂರಿಸಿ ನೋಡಬೇಕು. ಬಂಡವಾಳದ ತವರುಮನೆಯಲ್ಲೇ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನಲು ಕಾರಣ ಕಾಣೆವು.

ಖಾಸಗಿ ಸಂಸ್ಥೆಗಳೆಲ್ಲ ಮೋಸದವು ಎಂದು ನಾವು ಹೇಳುತ್ತಿಲ್ಲ. ಕೆಲವು ದೊಡ್ಡ ನಿರ್ಮಾಣ ಕಂಪನಿಗಳು ತಮ್ಮದೇ ತರಬೇತಿ ಶಾಲೆಗಳನ್ನು ನಡೆಸುತ್ತವೆ. ಯಂತ್ರೋಪಕರಣಗಳ ಕೌಶಲ ಮಂಡಳಿಯ ಪಠ್ಯಕ್ರಮವೂ ಇದೆ. ದುಡ್ಡು ಕಟ್ಟುವ ಮುನ್ನ ತಂದೆಯಾದವನು ಹೋಗಿ ನೋಡಿ ಬರಬೇಕು. ಅಲ್ಲಿ ನಿಜವಾದ ಕ್ರೇನು ಇದೆಯೇ, ಒಬ್ಬ ಹುಡುಗನಿಗೆ ದಿನಕ್ಕೆ ಎಷ್ಟು ಹೊತ್ತು ಅದರ ಮೇಲೆ ಕೂರಲು ಸಿಗುತ್ತದೆ, ಭಾರದ ಪಟ್ಟಿ ಓದಲು ಕಲಿಸುತ್ತಾರೆಯೇ, ಹಿಂದಿನ ತಂಡದ ಹುಡುಗರು ಈಗ ಎಲ್ಲಿದ್ದಾರೆ ಎಂದು ಕೇಳಬೇಕು. ಕೇಳಿದ್ದಕ್ಕೆ ಕೋಪಿಸಿಕೊಳ್ಳುವ ಸಂಸ್ಥೆಯಿಂದ ಹಾಗೆಯೇ ಎದ್ದುಬರುವುದು ಲೇಸು. ಕೊಲ್ಲಿಯ ದೇಶದ ಕೆಲಸದ ಮಾತೆತ್ತುವ ದಲ್ಲಾಳಿಯ ಬಳಿ ಸರಕಾರದ ನೋಂದಣಿ ಸಂಖ್ಯೆಯನ್ನು ಮೊದಲು ಕೇಳಿ. ಮತ್ತೊಂದು ಮಾತು: ಶುಲ್ಕ ಕಟ್ಟುವ ಮುನ್ನವೇ ಹುಡುಗನ ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ರಕ್ತದೊತ್ತಡ ತೋರಿಸಿಕೊಳ್ಳಿ. ಮೂರ್ಛೆರೋಗ ಇರುವವನಿಗೂ ಎತ್ತರದಲ್ಲಿ ತಲೆ ತಿರುಗುವವನಿಗೂ ಈ ಕೆಲಸ ಸಲ್ಲದು. ಓಲೆ ಗಿರವಿಗೆ ಹೋದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

ನಮ್ಮನ್ನು ಕೇಳಿದರೆ, ಕ್ರೇನು ಕಲಿಯುವ ಹುಡುಗ ಮೊದಲ ವರ್ಷ ಏಣಿ ಹತ್ತಲೇಬಾರದು. ನೆಲದ ಮೇಲೆ ರಿಗ್ಗರನ ಜೊತೆ ಇರಬೇಕು. ವೈರ್ ರೋಪಿನ ಎಳೆ ಎಲ್ಲಿ ಕಿತ್ತಿದೆ ಎಂದು ನೋಡಿ ಗುರುತಿಸಲು, ಸರಳಿನ ಕಟ್ಟಿಗೆ ಎಲ್ಲಿ ಸ್ಲಿಂಗು ಹಾಕಿದರೆ ಜಾರುವುದಿಲ್ಲವೆಂದು ತಿಳಿಯಲು, ಸ್ಲಿಂಗಿನ ಎರಡು ಕಾಲುಗಳು ಅಗಲವಾದಷ್ಟೂ ಎಳೆತ ಹೆಚ್ಚುತ್ತದೆಂಬುದನ್ನು ಮನಗಾಣಲು ಅದೇ ಶಾಲೆ. ಅನಂತರ ಸಿಗ್ನಲ್‌ಮನ್ ಆಗಬೇಕು. ಒಂದೇ ಕಟ್ಟಡದಲ್ಲಿ ಒಡಿಯಾ, ಬಂಗಾಳಿ, ತೆಲುಗು, ಹಿಂದಿ, ಕನ್ನಡ ಆಡುವವರು ಇರುತ್ತಾರೆ. ಎಲ್ಲರಿಗೂ ಸಲ್ಲುವ ಭಾಷೆ ಕೈಸನ್ನೆಯೊಂದೇ. ಆ ಭಾಷೆಗೆ ಒಂದು ವ್ಯಾಕರಣವಿದೆ, ಅದನ್ನು ನಮ್ಮ ಓದುಗರೂ ತಿಳಿದಿರಲಿ. ಎತ್ತು, ಇಳಿಸು, ತಿರುಗಿಸು ಎಂಬ ಸನ್ನೆಯನ್ನು ನೇಮಕವಾದ ಒಬ್ಬನಿಂದ ಮಾತ್ರ ಆಪರೇಟರ್ ಸ್ವೀಕರಿಸಬೇಕು. ನಿಲ್ಲಿಸು ಎಂಬ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ಪಾಲಿಸಬೇಕು. ಇಟ್ಟಿಗೆ ಹೊರುವ ಹೆಂಗಸು ಕೈಯಾಡಿಸಿದರೂ ಕ್ರೇನು ನಿಲ್ಲಬೇಕು. ಜಗತ್ತಿನ ಕ್ರೇನು ಕೆಲಸಗಾರರೆಲ್ಲ ಒಪ್ಪಿಕೊಂಡಿರುವ ನಿಯಮ ಇದು. ಕೆಲಸ ನಡೆಸುವ ಅಧಿಕಾರ ಒಬ್ಬನಿಗೆ, ತಡೆಯುವ ಅಧಿಕಾರ ಎಲ್ಲರಿಗೆ ಎಂಬ ಇಷ್ಟು ನ್ಯಾಯವಾದ ಏರ್ಪಾಡನ್ನು ನಾವು ಬೇರೆ ಕಸುಬುಗಳಲ್ಲಿ ಕಂಡಿದ್ದು ಕಡಿಮೆ.

ಆದರೆ ಗೂಡಿನಲ್ಲಿ ಕೂತವನೇ ತಡೆಯಲು ಹೊರಟರೆ ಏನಾಗುತ್ತದೆ? ಸಂಜೆಯಾಗಿದೆ. ಲಾರಿಯಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತಿದೆ. ಗಾಳಿ ಎದ್ದಿದೆ. ಕೆಳಗಿನಿಂದ ವಾಕಿಟಾಕಿಯಲ್ಲಿ ಸೂಪರ್‌ವೈಸರನ ದನಿ: “ಏ ತಮ್ಮಾ, ಇನ್ನೆರಡೇ ಬಕೆಟ್ಟು, ಎತ್ತಿಬಿಡೋ.” ಹುಡುಗ, “ಸಾರ್, ಗಾಳಿ ಜಾಸ್ತಿ ಐತಿ” ಎಂದರೆ ಬರುವ ಉತ್ತರವನ್ನು ನಮ್ಮ ಮಿಲ್ಲು ಕೆಲಸಗಾರರು ಊಹಿಸಬಲ್ಲರು. ಇದು ಮಿಲ್ಲಿನಲ್ಲೂ ಕೇಳಿದ ಮಾತೇ: ನಿನ್ನಿಂದಾಗದಿದ್ದರೆ ಇಳಿ, ಹೊರಗೆ ಹತ್ತು ಜನ ಕಾಯುತ್ತಿದ್ದಾರೆ. ಹುಡುಗನ ಸಂಬಳ ಕೊಡುವವನು ಕಟ್ಟಡದ ಮಾಲೀಕನೂ ಅಲ್ಲ, ಗುತ್ತಿಗೆದಾರನೂ ಅಲ್ಲ. ಅನೇಕ ಕಡೆ ಕ್ರೇನನ್ನು ಬಾಡಿಗೆಗೆ ಕೊಟ್ಟ ಮೂರನೆಯವನು. ಆ ಮೂರನೆಯವನಿಗೆ ಬಾಡಿಗೆ ಕಳೆದುಕೊಳ್ಳುವ ಹೆದರಿಕೆ. ಹೀಗೆ ಗಾಳಿಯ ಹೆದರಿಕೆಗಿಂತ ಮನುಷ್ಯರ ಹೆದರಿಕೆ ದೊಡ್ಡದಾಗಿ ಹುಡುಗ ಎತ್ತುತ್ತಾನೆ. ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ಆಗದ್ದರಿಂದಲೇ ಅದು ರೂಢಿಯಾಗುತ್ತದೆ.

ಅಪಘಾತವಾದ ದಿನ ಎಲ್ಲರೂ ಮೊದಲು ಹುಡುಕುವುದು ಆಪರೇಟರನನ್ನು. ಈಚಿನ ವರ್ಷಗಳ ದೊಡ್ಡ ದುರಂತಗಳನ್ನು ನೋಡಿದರೆ ಬೇರೆ ಕಥೆ ಕಾಣುತ್ತದೆ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗು ಕಟ್ಟೆಯಲ್ಲಿ ಕ್ರೇನು ಕುಸಿದು 11 ಜನ ಸತ್ತರು. ಆಗ ನಡೆಯುತ್ತಿದ್ದುದು ಯಂತ್ರದ ಭಾರಪರೀಕ್ಷೆ. 2023ರ ಆಗಸ್ಟ್ 1ರ ನಸುಕಿನಲ್ಲಿ ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಸೇತುವೆಗೆ ತೊಲೆ ಕೂರಿಸುವ ಯಂತ್ರ ಬಿದ್ದು 20 ಜನ ಸತ್ತರು. ರಾತ್ರಿಪಾಳಿಯಲ್ಲಿ ದುಡಿಯುತ್ತಿದ್ದವರು ಅವರು. ಅಮೆರಿಕದ ಸಿಯಾಟಲ್ ನಗರದಲ್ಲಿ 2019ರ ಏಪ್ರಿಲ್‌ನಲ್ಲಿ ಟವರ್ ಕ್ರೇನನ್ನು ಬಿಚ್ಚುವಾಗ ಕಂಬದ ಪಿನ್ನುಗಳನ್ನು ಹೊತ್ತಿಗೆ ಮುಂಚೆಯೇ ತೆಗೆದಿದ್ದರು. ಗಾಳಿಗೆ ಅದು ಉರುಳಿ 4 ಜನ ಸತ್ತರು, ಅವರಲ್ಲಿ ಇಬ್ಬರು ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದವರು. 2015ರ ಸೆಪ್ಟೆಂಬರ್ 11ರಂದು ಮಕ್ಕಾದ ದೊಡ್ಡ ಮಸೀದಿಯ ಮೇಲೆ ಕ್ರೇನು ಬಿದ್ದು ನೂರಕ್ಕೂ ಹೆಚ್ಚು ಯಾತ್ರಿಕರು ಪ್ರಾಣ ಕಳೆದುಕೊಂಡದ್ದು ನಮ್ಮ ಊರಿನ ಅನೇಕ ಮನೆಗಳಲ್ಲಿ ಇನ್ನೂ ನೆನಪಿದೆ. ನಮ್ಮ ದೇಶದವರೂ ಅದರಲ್ಲಿದ್ದರು. ಕೆಲಸವಿಲ್ಲದಾಗ ತಗ್ಗಿಸಿಡಬೇಕಾಗಿದ್ದ ತೋಳನ್ನು ಎತ್ತಿಯೇ ಬಿಟ್ಟಿದ್ದರೆಂದು ಅಲ್ಲಿನ ಸರಕಾರದ ತನಿಖೆ ಹೇಳಿತು. ನಿಲ್ಲಿಸಿದವರು, ಬಿಚ್ಚಿದವರು, ಪರೀಕ್ಷೆ ಮಾಡಿದವರು, ಮಲಗಿಸದೆ ಬಿಟ್ಟವರು ಎಂದು ಕ್ರೇನಿನ ಹಿಂದೆ ಒಂದು ಸಾಲೇ ಇದೆ. ಸನ್ನೆಗೋಲು ಹಿಡಿದ ಕೈ ಆ ಸಾಲಿನ ಕೊನೆಯದು. ನಿಯಮದಂತೆ ಕ್ರೇನನ್ನು ಹೊಸ ಜಾಗದಲ್ಲಿ ನಿಲ್ಲಿಸಿದಾಗಲೆಲ್ಲ ತಜ್ಞನೊಬ್ಬ ಪರೀಕ್ಷಿಸಿ ಬರೆದುಕೊಡಬೇಕಿತ್ತು. ಆ ಕಾಗದವನ್ನು ಕಣ್ಣಾರೆ ನೋಡದೆ ಹತ್ತಬೇಡ ಎಂಬುದೇ ಹೊಸ ಹುಡುಗನಿಗೆ ನಮ್ಮ ಮೊದಲ ಬುದ್ಧಿವಾದ. ಎರಡನೆಯದು, ಲಾಗ್ ಪುಸ್ತಕವನ್ನು ದಿನವೂ ತಾನೇ ಬರೆಯುವುದು: ಗಾಳಿ ಎಷ್ಟಿತ್ತು, ಯಾವ ದೋಷವನ್ನು ಯಾರಿಗೆ ಹೇಳಿದೆ, ಅವರು ಏನೆಂದರು. ಪೋಲೀಸರ ಮುಂದೆ ನಿಲ್ಲುವ ದಿನ ಬಂದರೆ ಅವನ ಪರವಾಗಿ ಮಾತಾಡುವುದು ಆ ಪುಸ್ತಕವೊಂದೇ.

ಕಾನೂನು ಏನು ಹೇಳುತ್ತದೆ? 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಅವುಗಳಲ್ಲಿ ಕರಗಿಹೋಯಿತು. ಸುರಕ್ಷತೆಯ ಸಂಹಿತೆಯ 14ನೆಯ ಕಲಮಿನಲ್ಲಿ, ಪ್ರಾಣಕ್ಕೆ ಅಪಾಯವಿದೆಯೆಂದು ಕಂಡುಬಂದರೆ ಕೆಲಸಗಾರನು ಅದನ್ನು ಮಾಲೀಕನ ಗಮನಕ್ಕೂ ಸರಕಾರದ ಇನ್ಸ್‌ಪೆಕ್ಟರನ ಗಮನಕ್ಕೂ ತರಬಹುದೆಂದಿದೆ. ಗಮನಕ್ಕೆ ತರಬಹುದು. ತಂದು, ಹೊರೆಯನ್ನು ಕೆಳಗಿಟ್ಟು, ಏಣಿ ಇಳಿದು ಬರಬಹುದೇ? ಇಳಿದವನ ಆ ದಿನದ ಕೂಲಿ ಉಳಿಯುತ್ತದೆಯೇ, ಮರುದಿನ ಕೆಲಸ ಉಳಿಯುತ್ತದೆಯೇ? ಆ ಕಲಮಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿಯೇ ಕಟ್ಟಡ ಕೆಲಸಕ್ಕೆಂದು ಮಾಡಿದ 167ನೆಯ ಒಡಂಬಡಿಕೆ, ಕಣ್ಣೆದುರಿನ ಅಪಾಯದಿಂದ ಹಿಂದೆ ಸರಿಯುವುದು ಕೆಲಸಗಾರನ ಹಕ್ಕೆಂದು ನೇರವಾಗಿ ಬರೆದಿದೆ. ನಮಗೆ ಬೇಕಾದುದು ಆ ನೇರವಾದ ಮಾತು. ಅರ್ಜಿ ಬರೆಯುವ ಹೊತ್ತಿಗೆ ಗಾಳಿ ಕಾಯುವುದಿಲ್ಲ.

ಹಕ್ಕು ಪುಸ್ತಕದಲ್ಲಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕ್ರೇನಿನವರು ಲೆಕ್ಕಕ್ಕೆ ಕೆಲವೇ ಜನ. ಒಬ್ಬೊಬ್ಬನೂ ಒಂದೊಂದು ಗೂಡಿನಲ್ಲಿ ಒಂಟಿ. ಆದರೂ ಅವರು ಕೂಡಿದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. 2018ರ ಮೇ ದಿನದ ಸುಮಾರಿಗೆ ಚೀನಾದ ಹಲವು ಪ್ರಾಂತಗಳಲ್ಲಿ ಟವರ್ ಕ್ರೇನಿನವರು ಹೆಚ್ಚಿನ ಸಂಬಳ ಕೇಳಿ ಕೆಲಸ ನಿಲ್ಲಿಸಿದರು. ಸ್ವತಂತ್ರ ಸಂಘಕ್ಕೆ ಅವಕಾಶವೇ ಇಲ್ಲದ ದೇಶದಲ್ಲಿ ಇದು ನಡೆಯಿತು. 2019ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಕ್ರೇನು ಕೆಲಸಗಾರರು ದೇಶದಾದ್ಯಂತ ಗೂಡುಗಳಲ್ಲಿ ಕೂತು ಮುಷ್ಕರ ಹೂಡಿದರು. ಆಪರೇಟರಿಲ್ಲದೆ ನೆಲದಿಂದ ನಡೆಸುವ ಚಿಕ್ಕ ಕ್ರೇನುಗಳಿಂದ ಅಪಘಾತ ಹೆಚ್ಚುತ್ತಿದೆ, ಅವುಗಳಿಗೆ ನಿಯಮ ಬೇಕೆಂಬುದು ಅವರ ಬೇಡಿಕೆ. ಎರಡೇ ದಿನದಲ್ಲಿ ಸರಕಾರ ಮಾತುಕತೆಗೆ ಬಂದಿತು. ಬೆಂಗಳೂರಿಗೆ ಹೋಗುವ ನಮ್ಮ ಹುಡುಗರು ಸಂಬಳ ವಿಚಾರಿಸುವ ಮೊದಲ ದಿನವೇ ಕಟ್ಟಡ ಕಾರ್ಮಿಕರ ಸಂಘದ ಕಚೇರಿ ಎಲ್ಲಿದೆ ಎಂದೂ ವಿಚಾರಿಸಲಿ.

ಕೆಲಸದ ಕಷ್ಟಗಳನ್ನು ಮುಚ್ಚಿಡಬಾರದು. ಬೆಳಿಗ್ಗೆ ನೂರಾರು ಮೆಟ್ಟಿಲಿನ ಕಬ್ಬಿಣದ ಏಣಿ. ಮೇಲೆ ಹೋದರೆ ಊಟದವರೆಗೆ ಇಳಿಯುವಂತಿಲ್ಲ. ಶೌಚಕ್ಕೆ ವ್ಯವಸ್ಥೆಯಿಲ್ಲ, ನೀರು ಕಡಿಮೆ ಕುಡಿದು ಮೂತ್ರದ ಕಾಯಿಲೆ ತಂದುಕೊಳ್ಳುವವರಿದ್ದಾರೆ. ಬೇಸಿಗೆಯಲ್ಲಿ ಗಾಜಿನ ಗೂಡು ಒಲೆಯಾಗುತ್ತದೆ. ದಿನಕ್ಕೆ ಎಂಟು ಗಂಟೆ, ಅದರ ಮೇಲಿನ ದುಡಿಮೆಗೆ ಎರಡು ಪಟ್ಟು ಕೂಲಿ ಎಂಬುದು ಸಂಹಿತೆಯಲ್ಲೂ ಇದೆ. ಹನ್ನೆರಡು ಗಂಟೆ ಕೂರಿಸಿ ಒಂದೇ ದರದಲ್ಲಿ ಕೊಡುವವರಿಗೆ ಇದನ್ನು ನೆನಪಿಸಬೇಕಾದವರು ಕೆಲಸಗಾರರೇ. ದಣಿದ ಕಣ್ಣಿಗೆ ಕೆಳಗಿನ ಕೈಸನ್ನೆ ತಪ್ಪಾಗಿ ಕಂಡರೆ ಹೋಗುವುದು ಬೇರೆಯವರ ಜೀವ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಈ ಕೆಲಸಕ್ಕೆ ಬೇಕಾದುದು ತೋಳಿನ ಶಕ್ತಿಯಲ್ಲ, ತಾಳ್ಮೆಯ ಕೈ. ಚೀನಾದಲ್ಲಿ ಬಹಳ ಹೆಂಗಸರು ಟವರ್ ಕ್ರೇನು ನಡೆಸುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಕಟ್ಟಡದಲ್ಲಿ ಬಾಣಲಿ ಹೊರುವುದೊಂದೇ ಕೆಲಸವೆಂದು ಬರೆದವರಾರು?

ಹುಡುಗರು ಮರೆಯಬಾರದ ಇನ್ನೊಂದು ಕಾಗದವಿದೆ. ಕ್ರೇನಿನ ಆಪರೇಟರನೂ ಕಟ್ಟಡ ಕಾರ್ಮಿಕನೇ. 18ರಿಂದ 60 ವರ್ಷದೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವನು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ನೀನು ಡ್ರೈವರು, ಕಾರ್ಮಿಕನಲ್ಲ ಎಂದು ದೃಢೀಕರಣ ಕೊಡಲು ಸತಾಯಿಸುವ ಬಾಡಿಗೆ ಮಾಲೀಕರ ಮಾತಿಗೆ ಸೋಲಬೇಡಿ.

ಇದು ದೂರದ ಬೆಂಗಳೂರಿನ ಕಥೆಯೆಂದು ನಮ್ಮ ಪೇಟೆಯ ಅಂಗಡಿಕಾರರು ಪುಟ ತಿರುವಬಾರದು. ಮಂಡಿಪೇಟೆಯಲ್ಲೋ ಪಿ.ಬಿ. ರಸ್ತೆಯಲ್ಲೋ ಕಟ್ಟಡವೊಂದು ಏಳುವಾಗ ಹೈಡ್ರಾ ಬಂದು ಗಿರಾಕಿಗಳ ತಲೆಯ ಮೇಲೆ ತೊಲೆಯನ್ನು ಹಾಯಿಸುತ್ತದೆ. ಆಗ ಅಂಗಡಿಯಿಂದ ಹೊರಬಂದು, ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಆಮೇಲೆ ಎತ್ತಿರಿ ಎಂದು ಹೇಳುವ ಹಕ್ಕು ಅವರಿಗಿದೆ. ಅರ್ಧ ಗಂಟೆಯ ವ್ಯಾಪಾರ ನಷ್ಟವಾದೀತು. ಯಂತ್ರದ ಮೇಲಿರುವ ಹುಡುಗ ಬೈದುಕೊಳ್ಳುವುದಿಲ್ಲ. ತಾನು ಹೇಳಲಾರದ್ದನ್ನು ಬೇರೊಬ್ಬರು ಹೇಳಿದರೆಂದು ಅವನಿಗೆ ಸಮಾಧಾನವೇ ಆಗುತ್ತದೆ.

ಕೊನೆಗೆ ಸರಕಾರಕ್ಕೆ ಒಂದು ಮಾತು. ಕಟ್ಟಡಗಳ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸೆಸ್ ವಸೂಲಾಗುತ್ತ ಬಂದಿದೆ. ಅದು ಕಾರ್ಮಿಕರ ಹಣ. ಈ ಹಣದಲ್ಲಿ ಕೆಲವು ಕಡೆ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಕೊಂಡ ಸಂಗತಿ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿತ್ತು. ಅದೇ ಹಣದಲ್ಲಿ ಪ್ರತಿ ವಿಭಾಗಕ್ಕೆ ಒಂದು ಸರಕಾರಿ ಐ.ಟಿ.ಐ.ಯಲ್ಲಾದರೂ ಒಂದು ಟವರ್ ಕ್ರೇನು, ಒಂದು ಚಲಿಸುವ ಕ್ರೇನು ನಿಲ್ಲಿಸಿ, ಕಲಿಯುವವರಿಗೆ ಭತ್ಯೆ ಕೊಟ್ಟು ವರ್ಷದ ಶಿಕ್ಷಣ ನಡೆಸಲು ಏನು ಅಡ್ಡಿ? ಕೊನೆಯಲ್ಲಿ ಗುತ್ತಿಗೆದಾರನಿಗೂ ಅಂಗಡಿಗೂ ಸಂಬಂಧವಿಲ್ಲದ ಪರೀಕ್ಷಕರು ಯಂತ್ರದ ಮೇಲೆ ಕೂರಿಸಿ ಪರೀಕ್ಷೆ ನಡೆಸಲಿ. ಆ ಪರೀಕ್ಷೆಯಲ್ಲಿ ಒಂದು ಹೊರೆಯಾದರೂ ಪಟ್ಟಿಯ ಮಿತಿ ಮೀರಿದ್ದಿರಲಿ. ಅದನ್ನು ಎತ್ತಿದವನನ್ನು ನಪಾಸು ಮಾಡಲಿ. ಈ ಸಲಹೆಯನ್ನು ಕಲ್ಯಾಣ ಮಂಡಳಿಗೂ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೂ ಈ ವಾರವೇ ಬರೆದು ಕಳಿಸುತ್ತಿದ್ದೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅದನ್ನೂ ತಿಳಿಸುತ್ತೇವೆ.